ಅಪ್‌ಡೇಟ್: ಒಂದು ವಿಂಡೋಸ್ ಕೀಲಿ, ಮೂರು ಕಂಪ್ಯೂಟರ್

ವಿಂಡೋಸ್ 11ರ ಒಂದೇ ಪರವಾನಗಿಯನ್ನು ಮನೆಪಾಠದ ಕೋಣೆಯ ಮೂರೂ ಕಂಪ್ಯೂಟರ್‌ಗಳಿಗೆ ಬಳಸಬಹುದೇ ಎಂದು ಹೋದ ವಾರ ಕೇಳಿದ್ದೆ. ಬಳಸುವಂತಿಲ್ಲ. ಒಂದು ಪರವಾನಗಿಗೆ ಒಂದೇ ಯಂತ್ರ. ಪರವಾನಗಿಯ ಜೊತೆ ಬರುವ ಅದೇ 25 ಅಕ್ಷರಗಳ ಕೀಲಿಯನ್ನು ಎರಡನೆಯದಕ್ಕೂ ಕೊಟ್ಟು ನೋಡಿ ಎಂಬ ಸಲಹೆ ಫಲಿಸಲಿಲ್ಲ. ಫಲಿಸಿದ್ದರೂ ಅದು ನಿಯಮಬಾಹಿರವೇ.

ಕೆಲಸಕ್ಕೆ ಬಂದದ್ದು, ಪರವಾನಗಿ ಯಾವ ಬಗೆಯದೆಂದು ತಿಳಿಯಲು ‘ಎಸ್‌ಎಲ್‌ಎಂಜಿಆರ್ /ಡಿಎಲ್‌ಐ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ನೋಡಿ ಎಂದವರ ಮಾತು. ಅವರಿಗೆ ಮನಸಾರೆ ಕೃತಜ್ಞತೆಗಳು. ಪುಟ್ಟ ಕಿಟಕಿಯೊಂದು ತೆರೆದು ‘ರೀಟೇಲ್’ ಎಂದು ತೋರಿಸಿತು. ಬಿಡಿಯಾಗಿ ಕೊಂಡ ಇಂಥ ಪರವಾನಗಿಯನ್ನು ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ವರ್ಗಾಯಿಸಬಹುದು. ‘ಒಇಎಂ’ ಎಂದಿದ್ದರೆ ಅದು ಜೊತೆಗೆ ಬಂದ ಯಂತ್ರಕ್ಕೇ ಮೀಸಲು.

ನಿಜವಾದ ಅಚ್ಚರಿ ಬೇರೆಯೇ ಇತ್ತು. ಧೂಳು ಹಿಡಿದು ಮೂಲೆ ಸೇರಿದ್ದ ಲ್ಯಾಪ್‌ಟಾಪ್‌ನ ಕೀಲಿ ಅದರ ಒಳಗಿನ ಮುಖ್ಯ ಫಲಕವಾದ ಮದರ್‌ಬೋರ್ಡ್‌ನಲ್ಲೇ ಅಡಗಿತ್ತು! ಅದರಲ್ಲಿ ಮೊದಲಿದ್ದ ವಿಂಡೋಸ್ ಆವೃತ್ತಿಯನ್ನೇ ಮರುಸ್ಥಾಪಿಸಿ ಇಂಟರ್ನೆಟ್‌ಗೆ ಜೋಡಿಸಿದೆ, ತಾನಾಗಿಯೇ ಸಕ್ರಿಯವಾಯಿತು. ಅದಕ್ಕೆ ಹೊಸ ಪರವಾನಗಿ ಕೊಳ್ಳಲು ಹಣ ಕೂಡಿಡುತ್ತಿದ್ದೆ!

ಮೂರನೆಯದಕ್ಕೆ ವಿಂಡೋಸ್ ಬದಲಿಗೆ ಬಳಸಬಹುದಾದ ಲಿನಕ್ಸ್ ಮಿಂಟ್ ಹಾಕಿದ್ದೇನೆ. ಅದನ್ನು ಎಷ್ಟು ಯಂತ್ರಗಳಿಗೆ ಬೇಕಾದರೂ ಉಚಿತವಾಗಿ ಹಾಕಬಹುದು. ಮಕ್ಕಳು ನಿನ್ನೆ ಅದರಲ್ಲಿ ಕನ್ನಡದಲ್ಲೇ ತಮ್ಮ ಹೆಸರು ಟೈಪ್ ಮಾಡಿದರು.