ಸಹಾಯ ಬೇಕು: ಕಾಯಿಹಾಲಿನ ಎಣ್ಣೆ ಇಳಿಸುವ ಹದ ಯಾವುದು?

ಎಲ್ಲರಿಗೂ ನಮಸ್ಕಾರ. ನಾವು ಪುತ್ತೂರಿನ ಕಡೆಯವರು. ತಂಗಿ ಬಾಣಂತನಕ್ಕೆ ಬಂದಿದ್ದಾಳೆ. ಮಗುವಿನ ಮೈಗೆ ಹಚ್ಚಲು ಕಾಯಿಹಾಲು ಕಾಯಿಸಿ ತೆಗೆದ ಎಣ್ಣೆಯೇ ಆಗಬೇಕು ಅಂತ ಅಮ್ಮನ ಹಟ. ಅಡುಗೆಗೆ, ತಲೆಗೆ, ದೇವರ ದೀಪಕ್ಕೆ ಕೊಬ್ಬರಿಯ ಗಾಣದೆಣ್ಣೆ ಇದೆ, ಅದರ ಚಿಂತೆ ಇಲ್ಲ.

ಬಲಿತ ಕಾಯಿ ತುರಿದು, ರುಬ್ಬಿ, ಹಾಲು ಹಿಂಡಿ ಬಾಣಲೆಗೆ ಹಾಕುವವರೆಗೆ ಗೊತ್ತು. ಎಣ್ಣೆ ಬಿಟ್ಟ ಮೇಲೆ ತಳದ ಗಸಿ ಯಾವ ಬಣ್ಣಕ್ಕೆ ಬಂದಾಗ ಇಳಿಸಬೇಕು? ಬೇಗ ಇಳಿಸಿದರೆ ನೀರಿನಂಶ ಉಳಿದು ಎಣ್ಣೆ ಕಮಟುತ್ತದೆ, ತಡವಾದರೆ ಸೀದ ವಾಸನೆ. ಚಟಪಟ ಸದ್ದು ನಿಂತರೆ ಸಾಕಾ? ಹಾಲನ್ನು ರಾತ್ರಿ ಫ್ರಿಜ್ಜಿನಲ್ಲಿಟ್ಟು ಮೇಲಿನ ಕೆನೆ ಮಾತ್ರ ಕಾಯಿಸಿದರೆ ಗ್ಯಾಸ್ ಉಳಿಯುತ್ತದೆ ಅಲ್ವಾ?

ಸ್ವತಃ ಮಾಡಿದವರು ಹೇಳಿ. ವಿಡಿಯೋ ಲಿಂಕ್ ಬೇಡ, ಒಂದಕ್ಕೊಂದು ತಾಳೆಯೇ ಆಗುವುದಿಲ್ಲ.