ಅಪ್‌ಡೇಟ್: ಗ್ಯಾರೇಜಿನ ಹಳೇ ಆಯಿಲ್ ಈಗ ಚರಂಡಿಗೆ ಹೋಗುತ್ತಿಲ್ಲ

ಹೋದ ತಿಂಗಳು ನಿಮ್ಮನ್ನೆಲ್ಲ ಕೇಳಿದ್ದೆ. ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ನಾನು ಕೆಲಸ ಮಾಡುವ ಗ್ಯಾರೇಜಿನಲ್ಲಿ ಹಳೇ ಎಂಜಿನ್ ಆಯಿಲ್, ಥಿನ್ನರ್ (ಪೇಂಟ್ ತೆಳು ಮಾಡುವ ದ್ರವ) ಎಲ್ಲ ಚರಂಡಿಗೆ ಸುರಿಯುತ್ತಾರೆ, ಏನು ಮಾಡಲಿ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಜಗಳಕ್ಕೆ ಹೋಗಲಿಲ್ಲ. ನೀವು ಹೇಳಿದ 2016ರ ಅಪಾಯಕಾರಿ ತ್ಯಾಜ್ಯ ನಿಯಮವನ್ನು ಗ್ಯಾರೇಜಿನ ಮಾಲೀಕರಿಗೆ ತೋರಿಸಿದೆ. ಹಳೇ ಆಯಿಲ್ ಅದರ ಪಟ್ಟಿಯಲ್ಲೇ ಇದೆ. 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ, ಪರವಾನಗಿ ಇದ್ದವರಿಗೇ ಕೊಡಬೇಕು. "ಸಾವ್ಕಾರ್ರ, ಇದನ್ನ ಮಾರಿದ್ರ ರೊಕ್ಕಾನೂ ಬರ್ತದರಿ" ಅಂದೆ. ಒಪ್ಪಿದರು!

ಈಗ ಶೆಡ್ಡಿನೊಳಗೆ ಎರಡು ಬ್ಯಾರೆಲ್ ಇವೆ. ಆಯಿಲ್‌ಗೆ ಒಂದು, ಥಿನ್ನರ್‌ಗೆ ಒಂದು. ಎರಡನ್ನೂ ಬೆರೆಸಿದರೆ ಆಯಿಲ್ ಮತ್ತೆ ಶುದ್ಧ ಮಾಡುವುದು ಕಷ್ಟ. ಥಿನ್ನರ್ ಒರೆಸಿದ ಬಟ್ಟೆಗೆ ಮುಚ್ಚಳವಿರುವ ತಗಡಿನ ಡಬ್ಬಿ, ಅದೂ ವೆಲ್ಡಿಂಗ್ ಜಾಗದಿಂದ ದೂರ. ಥಿನ್ನರ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿದು ಕಿಡಿ ಇರುವಲ್ಲಿಗೆ ಹೋಗಬಹುದು. ಇಷ್ಟು ವರ್ಷ ನನಗೆ ಇದು ಗೊತ್ತೇ ಇರಲಿಲ್ಲ.

ಬ್ಯಾಟರಿ ಆಸಿಡ್ ಮಾತ್ರ ಇನ್ನೂ ಸರಿಹೋಗಿಲ್ಲ. ಗ್ಲೌಸ್ ತಂದಿಟ್ಟರೂ ಹುಡುಗರು ಬರಿಗೈಯಲ್ಲೇ ಮುಟ್ಟುತ್ತಾರೆ. ನೋಡಿದಾಗೆಲ್ಲ ಜೀವ ಹಿಂಡುತ್ತದೆ. ಸೋಮವಾರ ಅವರನ್ನು ಕೂರಿಸಿಕೊಂಡು ಮತ್ತೆ ಹೇಳುತ್ತೇನೆ.