ಪದಚರ್ಚೆ: ಸ್ಯಾಂಪ್ಲರ್‌ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಎಲೆಕ್ಟ್ರಾನಿಕ್ ಸಂಗೀತಕ್ಕೆ ಹೊಸಬರಾದವರು ಮೊದಲ ಹಾರ್ಡ್‌ವೇರ್ ಸ್ಯಾಂಪ್ಲರ್ (ದನಿಯ ಚೂರುಗಳನ್ನು ಹಿಡಿದಿಟ್ಟು ಮತ್ತೆ ನುಡಿಸುವ ಪೆಟ್ಟಿಗೆ) ಆರಿಸಿಕೊಳ್ಳುವುದು ಹೇಗೆ ಅನ್ನುವ ಎರಡು ಪುಟದ ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಶನಿವಾರ ಅಚ್ಚಿಗೆ ಹೋಗಬೇಕು. ಆ ಚೂರಿಗೆ, ಅಂದರೆ ಸ್ಯಾಂಪಲ್‌ಗೆ, ‘ಮಾದರಿ’ ಅಂತಿಟ್ಟುಕೊಂಡು ಶುರುಮಾಡಿದೆ. ಮೂರನೇ ಸಾಲಿಗೇ, ಎಸ್‌ಪಿ-404 ಅನ್ನುವ ರೋಲ್ಯಾಂಡ್ ಕಂಪನಿಯ ಸ್ಯಾಂಪ್ಲರ್ ಬಗ್ಗೆ ಬರೆಯುವಾಗ, ಹೀಗಾಯಿತು: “ಎಸ್‌ಪಿ-404ರ 2021ರ ಮಾದರಿಯಲ್ಲಿ ಮಾದರಿಗಳನ್ನು ಹಿಂದಿನ ಮಾದರಿಗಿಂತ ಸುಲಭವಾಗಿ ಕತ್ತರಿಸಬಹುದು.” ಬರೆದ ನನಗೇ ತಲೆ ತಿರುಗಿತು. ಸ್ಯಾಂಪಲ್, ಸ್ಯಾಂಪ್ಲರ್, ಸ್ಯಾಂಪ್ಲಿಂಗ್ ರೇಟ್ ಮೂರಕ್ಕೂ ಒಂದೇ ಬೇರಿನ ಪದ ಸಿಕ್ಕರೆ ದೊಡ್ಡ ಉಪಕಾರ.

ಮರು:
ಪ್ರತಿದರ್ಶ, ಪ್ರತಿಚಯಕ, ಪ್ರತಿಚಯನ ದರ. ಹಿಂದಿಯ ಸಂಖ್ಯಾಶಾಸ್ತ್ರದಲ್ಲಿ ಪ್ರತಿದರ್ಶವೂ ಪ್ರತಿಚಯನವೂ ಎಂದೋ ನೆಲೆಯೂರಿವೆ. ಹೊಸದಾಗಿ ಕಟ್ಟುವ ಶ್ರಮವೇಕೆ?

ಮರು:
ಕೇಳಿದ್ದು ಒಂದು ಬೇರು. ಇಲ್ಲಿರುವುದು ಎರಡು, ಎರಡೂ ನಮ್ಮವಲ್ಲ. ಹಿಂದಿಯವರು ಸಂಸ್ಕ್ರುತದಿಂದ ಕಡ ತಂದದ್ದನ್ನು ನಾವು ಅವರ ಮನೆಯಿಂದ ಮರುಕಡ ತರುವುದೇಕೆ? ಆ ಸಲಕರಣೆ ಮಾಡುವ ಕೆಲಸ ನೋಡಿ: ದನಿಯನ್ನು ಹಿಡಿದಿಡುತ್ತದೆ. ಹಾಗಾಗಿ ದನಿಹಿಡುಕ. ಹಿಡಿದದ್ದು ದನಿಹಿಡಿ. ಪದದ ಕೊನೆಗೆ ಸೇರುವ ‘ಉಕ’ ಅಚ್ಚಗನ್ನಡದ್ದೇ: ಕುಡುಕ, ತಿರುಕ, ಕೆಡುಕ.

ಮರು:
ಒಳ್ಳೊಳ್ಳೆ ಸಂಗಾತಿಗಳನ್ನೇ ಹುಡುಕಿದ್ದೀರಿ. ತಲೆಹಿಡುಕನನ್ನು ಯಾಕೆ ಬಿಟ್ಟಿರಿ? ‘ನಿಮ್ಮ ಮೊದಲ ದನಿಹಿಡುಕ’ ಅಂತ ತಲೆಬರಹ ಹಾಕಿದ ಕರಪತ್ರವನ್ನು ಕಾಲೇಜಿನ ಮಕ್ಕಳ ಕೈಗೆ ಕೊಡುವವರು ಯಾರು? ಇನ್ನು ಅಚ್ಚಗನ್ನಡದ ಮಾತು. ‘ದನಿ’ ಧ್ವನಿಯ ತದ್ಭವ. ಅದನ್ನು ಬಿಟ್ಟು ‘ಸದ್ದು’ ಎನ್ನುವಿರಿ, ಅದೂ ಶಬ್ದದ ತದ್ಭವ. ಮಹಾಪ್ರಾಣ ಕಿತ್ತ ಮಾತ್ರಕ್ಕೆ ಗೋತ್ರ ಬದಲಾಗುವುದಿಲ್ಲ.

ಮರು:
ಹಾಗಾದರೆ ಉಲಿ. ಉಲಿಹಿಡುಕ. ನಿಮಗೆ ತಲೆಹಿಡುಕ ನೆನಪಾದರೆ ಅದು ಪದದ ತಪ್ಪಲ್ಲ.

ಮರು:
ತೆಲುಗಿನಲ್ಲಿ ಸ್ಯಾಂಪಲ್‌ಗೆ ‘ಮಚ್ಚು’ ಅನ್ನುತ್ತಾರೆ. ಪಕ್ಕದ ಮನೆಯ ಪದ, ಚಿಕ್ಕದು. ಪರಿಶೀಲಿಸಬಹುದು.

ಮರು:
ಬೆಂಗಳೂರಿನಲ್ಲಿ ಮಚ್ಚು ಹಿಡಿದು ವೇದಿಕೆ ಹತ್ತಿದರೆ ಕೇಳುಗರಿಗಿಂತ ಮೊದಲು ಪೊಲೀಸರು ಬರುತ್ತಾರೆ. ಮುಂದಿನದು.

ಮರು:
ಇಷ್ಟು ಜನರಲ್ಲಿ ಒಬ್ಬರಾದರೂ ಆ ಪೆಟ್ಟಿಗೆಯನ್ನು ಮುಟ್ಟಿದ್ದೀರಾ?

1979ರಲ್ಲಿ ಸಿಡ್ನಿಯ ಪೀಟರ್ ವೋಗೆಲ್ ಮತ್ತು ಕಿಮ್ ರೈರಿ ಫೇರ್‌ಲೈಟ್ ಸಿಎಂಐ ಅನ್ನುವ ಕಂಪ್ಯೂಟರ್ ವಾದ್ಯವನ್ನು ಹೊರತಂದರು. ವಾದ್ಯದ ದನಿಯನ್ನು ಬುಡದಿಂದ ಲೆಕ್ಕಹಾಕಿ ಕಟ್ಟಬೇಕೆಂದು ಹೊರಟವರು ಅವರು, ಅದು ಒಗ್ಗಲಿಲ್ಲ. ನಿಜವಾದ ಪಿಯಾನೋದ ಒಂದು ಚೂರನ್ನು ಹಿಡಿದು ಬೇರೆ ಬೇರೆ ಸ್ವರಕ್ಕೆ ಏರಿಸಿ ಇಳಿಸಿ ನುಡಿಸಿದಾಗ ಕಟ್ಟಿದ್ದಕ್ಕಿಂತ ಅದೇ ಜೀವಂತವಾಗಿ ಕೇಳಿಸಿತು. ಅದಕ್ಕೆ ಸ್ಯಾಂಪ್ಲಿಂಗ್ ಎಂದರು. ಎಂಜಿನಿಯರುಗಳ ಬಾಯಲ್ಲಿ ಆ ಮಾತು ಅದಕ್ಕೂ ಮುಂಚೆಯೇ ಇತ್ತು: ಸೆಕೆಂಡಿಗೆ ಇಂತಿಷ್ಟು ಸಲ ಅಲೆಯ ಎತ್ತರ ಅಳೆದು ಬರೆದಿಡುವುದು. ಸಿಡಿಯಲ್ಲಿ 44,100 ಸಲ. ಅಂದರೆ ಎಂಜಿನಿಯರಿಗೆ ಒಂದು ಸ್ಯಾಂಪಲ್ ಒಂದೇ ಒಂದು ಅಂಕಿ. ಸಂಗೀತಗಾರನಿಗೆ ಅದೇ ಪದ ಎರಡು ಸೆಕೆಂಡಿನ ಡೋಲಿನ ಪೆಟ್ಟು. ಎರಡಕ್ಕೂ ಒಂದೇ ಬೇರು ಬೇಕೆಂದು ಹಟ ಹಿಡಿದರೆ ಇಂಗ್ಲಿಷಿನ ಗೊಂದಲವನ್ನು ನಾವು ಕೈಯಾರೆ ಹೊತ್ತು ತಂದ ಹಾಗೆ. ಅಂಕಿಯ ಕಡೆಗೆ ‘ಅಳತೆ ದರ’ ಇರಲಿ. ಸಂಗೀತದ ಸ್ಯಾಂಪಲ್‌ಗೆ ‘ತುಣುಕು’. ‘ಮಾದರಿ’ಯನ್ನು ಮಾಡೆಲ್‌ಗೇ ಬಿಟ್ಟುಕೊಡಿ.

ಈ ವ್ಯತ್ಯಾಸ ದುಡ್ಡು ಹಾಕುವವರಿಗೂ ಬೇಕು. 1987ರ ಎಸ್‌ಪಿ-1200 ಅನ್ನುವ ಸ್ಯಾಂಪ್ಲರ್‌ನಲ್ಲಿ ಒಂದೊಂದು ಅಂಕಿಗೆ 12 ಬಿಟ್, ಅಳತೆ ದರ ಸುಮಾರು 26 ಕಿಲೋಹರ್ಟ್ಸ್, ತುಣುಕುಗಳೆಲ್ಲ ಸೇರಿ ಹತ್ತು ಸೆಕೆಂಡು. ಜಾಗ ಸಾಲದೆ ಹಿಪ್‌ಹಾಪ್‌ನವರು ನಿಮಿಷಕ್ಕೆ 33 ಸುತ್ತಿನ ಗ್ರಾಮಫೋನ್ ತಟ್ಟೆಯನ್ನು 45ರ ವೇಗದಲ್ಲಿ ಓಡಿಸಿ ತುಂಬಿಕೊಂಡು, ಆಮೇಲೆ ಸ್ವರ ಇಳಿಸುತ್ತಿದ್ದರು. ಅದರಿಂದ ಬಂದ ಒರಟುತನಕ್ಕೆ ಇವತ್ತಿಗೂ ಗಿರಾಕಿಗಳಿದ್ದಾರೆ. ಈಗ ಸೆಕೆಂಡಿಗೆ ಬರವಿಲ್ಲ, ನೋಡಬೇಕಾದ್ದು ನಿಮ್ಮ ಕೈ ಯಾವುದಕ್ಕೆ ಒಗ್ಗುತ್ತದೆ ಅನ್ನುವುದನ್ನು. ಬೆರಳಲ್ಲಿ ಬಡಿದು ನುಡಿಸುವವರಿಗೆ ಅಕಾಯ್ ಕಂಪನಿಯ ಎಂಪಿಸಿ ವಂಶ. 1988ರ ಎಂಪಿಸಿ60ರಲ್ಲಿ ರೋಜರ್ ಲಿನ್ ಕೂರಿಸಿದ ಹದಿನಾರು ಪ್ಯಾಡು ಎಂಪಿಸಿ ಒನ್‌ನಲ್ಲೂ ಹಾಗೇ ಇವೆ. ತಾಳವನ್ನು ಹೆಜ್ಜೆಹೆಜ್ಜೆಯಾಗಿ ಜೋಡಿಸುವವರಿಗೆ ಎಲೆಕ್ಟ್ರಾನ್ ಕಂಪನಿಯ ಡಿಜಿಟ್ಯಾಕ್ಟ್. 2017ರದು ಮೋನೋ ಮಾತ್ರ ಹಿಡಿಯುತ್ತದೆ, ಸ್ಟೀರಿಯೋ ಬೇಕಿದ್ದರೆ 2024ರ ಎರಡನೆಯದನ್ನು ನೋಡಿ. ಪ್ಲಗ್ ಇಲ್ಲದ ಕಡೆ ಕೂರುವವರಿಗೆ ಎಸ್‌ಪಿ-404 ಎಂಕೆ2 ಆರು ಎಎ ಸೆಲ್ಲಿನಲ್ಲಿ, ಟೀನೇಜ್ ಎಂಜಿನಿಯರಿಂಗ್ ಕಂಪನಿಯ ಇಪಿ-133 ನಾಲ್ಕು ಎಎಎ ಸೆಲ್ಲಿನಲ್ಲಿ ಓಡುತ್ತವೆ. ಹಳೆಯದನ್ನು ಕೊಳ್ಳುವವರು ಪ್ಯಾಡನ್ನು ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ಒತ್ತಿ ನೋಡದೆ ದುಡ್ಡು ಕೊಡಬಾರದು.

ಪೆಟ್ಟಿಗೆಗೆ ಸ್ಯಾಂಪ್ಲರ್ ಅಂತಲೇ ಬರೆಯಿರಿ. ಉಲಿಹಿಡುಕ ಕೊಡಿ ಅಂದರೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಮರು:
ಅಂಗಡಿಯವನ ಬಾಯಿ ನೋಡಿಕೊಂಡು ನುಡಿ ಕಟ್ಟುವುದಾದರೆ ಈ ಪದಚರ್ಚೆಯೇ ಬೇಡ.

ಮರು:
ಬೇಡವೇ ಬೇಡ. ‘ಪಿಟೀಲು’ ಯಾವ ಸಮಿತಿ ಕಟ್ಟಿದ್ದು? ಫಿಡಲ್ ನಮ್ಮ ಬಾಯಲ್ಲಿ ಉರುಳಿ ಪಿಟೀಲಾಯಿತು. ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿದರು, ನಾಡಿಗೆಲ್ಲ ಪಿಟೀಲು ಚೌಡಯ್ಯ ಆದರು. ‘ತಂತಿತಿಕ್ಕುಕ’ ಚೌಡಯ್ಯ ಅನ್ನಿ ನೋಡೋಣ.

ಮರು:
ನಿಮ್ಮ ಮಾತೇ ನನಗೆ ಸಾಕ್ಶಿ. ಪಿಟೀಲು ಕನ್ನಡದ ಬಾಯಿಗೆ ಬಗ್ಗಿತು, ಕೊನೆಗೆ ಉಕಾರ ಪಡೆಯಿತು, ಅದಕ್ಕೇ ನಮ್ಮದಾಯಿತು. ಸ್ಯಾಂಪ್ಲರ್ ಎಲ್ಲಿ ಬಗ್ಗಿದೆ? ಮೊದಲ ‘ಸ್ಯಾ’ ನಮ್ಮದಲ್ಲ, ನಡುವೆ ಒತ್ತು, ಕೊನೆಯಲ್ಲಿ ಬರಿಯ ರಕಾರ. ‘ಸಾಂಪಲು’ ಮಾಡಿ, ತಕರಾರಿಲ್ಲ.

ಮರು:
ಬಾಯಿಗೆ ಬಗ್ಗಬೇಕಾದ್ದು ಜನ ಆಡಿದಾಗ. ನೀವು ಮೇಜಿನ ಮುಂದೆ ಕೂತು ಬಗ್ಗಿಸಿದರೆ ಅದು ಪಿಟೀಲಾಗುವುದಿಲ್ಲ.

ಮರು:
ಪ್ರತಿಚಯಕದಲ್ಲಿ ಕೊರತೆಯೇನೆಂದು ಇನ್ನೂ ಯಾರೂ ಹೇಳಿಲ್ಲ.

ಮರು:
ಎರಡು ಬೇರು. ಮೇಲೆ ಓದಿ.

ಮರು:
ಎಲ್ಲರಿಗೂ ವಂದನೆ. ತುಣುಕು, ಅಳತೆ ದರ, ಸ್ಯಾಂಪ್ಲರ್ ಎಂದು ಹಾಕುತ್ತಿದ್ದೇನೆ. ಸೆಲ್ಲಿನ ಮಾತನ್ನೂ, ಪ್ಯಾಡು ಒತ್ತಿ ನೋಡುವ ಮಾತನ್ನೂ ಸೇರಿಸಿದೆ. ಮೂಲದಲ್ಲಿ ಎರಡೂ ಇರಲಿಲ್ಲ.

ಮರು:
‘ಅಳತೆ ದರ’ ಅಂದರೆ ದರ್ಜಿಯ ಅಂಗಡಿಯ ಬೋರ್ಡು. ಅಳತೆವೇಗ ಮಾಡಿ.

ಮರು:
ಅಚ್ಚಿಗೆ ಹೋಗಿಯಾಯಿತು.

ಮರು:
‘ವೇಗ’ವೂ ಸಂಸ್ಕ್ರುತವೇ.